ಅಪಘಾತವಿಲ್ಲದ 412ನೇ ದಿನ
ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಸುರಕ್ಷತೆ ಈಗ ಮೊಬೈಲಿಗೆ ಇಳಿದಿದೆ. 'ಅವಸರವೇ ಅಪಘಾತಕ್ಕೆ ಕಾರಣ' ಬೋರ್ಡನ್ನು ಕಿತ್ತು ಅಲ್ಲೊಂದು ದೊಡ್ಡ ಟಿ.ವಿ. ತೂಗುಹಾಕಿದ್ದಾರೆ. 'ಅಪಘಾತವಿಲ್ಲದ ದಿನಗಳು: 412', ಪಕ್ಕದಲ್ಲಿ ಹಸಿರು ದೀಪ. ಮ್ಯಾನೇಜರ್ ಸಾಹೇಬರು ಬೆಳಿಗ್ಗೆ ಬಂದವರೇ ಮೊದಲು ದೀಪ ನೋಡುತ್ತಾರೆ, ಗಣಪತಿ ಪಟಕ್ಕೆ ಕೈಮುಗಿಯುವುದು ಆಮೇಲೆ.

ಆ್ಯಪ್ ಪ್ರಕಾರ ಪ್ರತಿಯೊಬ್ಬನೂ ತಿಂಗಳಿಗೆ ಐದು 'ನಿಯರ್ ಮಿಸ್' ತುಂಬಬೇಕು, ಅಂದರೆ ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳು. ಇದು ತಪ್ಪಿದರೆ ಇನ್ಸೆಂಟಿವ್ ಕಟ್. ಹಾಗಾಗಿ ತಿಂಗಳ ಕೊನೆಗೆ ಕ್ಯಾಂಟೀನಿನಲ್ಲಿ ಕಥಾಕಮ್ಮಟ. ಒಂದೇ ಸೌಟು ಸಾಂಬಾರು ಹದಿನೇಳು ಜನರನ್ನು ಜಾರಿಸಲು ನೋಡಿದ ದಾಖಲೆ ನಮ್ಮಲ್ಲಿದೆ. ಇದರ ನಡುವೆ ಪ್ರೆಸ್ ಯಂತ್ರದ ಹುಡುಗನೊಬ್ಬ ನಿಜ ಬರೆದುಬಿಟ್ಟ: 'ಯಂತ್ರದ ಗಾರ್ಡ್ ಸಡಿಲವಾಗಿದೆ.' ಸಂಜೆಯೊಳಗೆ ದೂರು 'ಕ್ಲೋಸ್ಡ್'. ಗಾರ್ಡಿನ ಮೇಲೆ 'ಎಚ್ಚರಿಕೆ' ಸ್ಟಿಕ್ಕರ್ ಅಂಟಿಸಿ ಫೋಟೊ ಏರಿಸಿದ್ದರು. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಯಂತ್ರಕ್ಕೆ ಬೇಲಿ ಕೇಳಿತ್ತು. ಆ್ಯಪ್ ಫೋಟೊ ಕೇಳುತ್ತದೆ, ಅದೂ 2 ಎಂಬಿ ಒಳಗೆ.

ಮರುವಾರ ಅದೇ ಪ್ರೆಸ್ಸು ಅದೇ ಹುಡುಗನ ಬಲಗೈ ತೋರುಬೆರಳಿನ ತುದಿ ಕಚ್ಚಿತು.

ಗಾಯಗೊಂಡವನು 48 ಗಂಟೆ ಅಥವಾ ಹೆಚ್ಚು ಹೊತ್ತು ಕೆಲಸ ಮಾಡಲಾಗದಿದ್ದರೆ ಸರ್ಕಾರಕ್ಕೆ ತಿಳಿಸಬೇಕು ಎನ್ನುತ್ತಿತ್ತು ಹಳೆಯ ಕಾಯ್ದೆಯ 88ನೇ ಕಲಂ. 2020ರ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆಯೂ ಆ 48ನ್ನು ಹಾಗೇ ಇಟ್ಟುಕೊಂಡಿದೆ. ಬೇರೆ ಕಲಂಗಳು ಹೇಗೋ ಏನೋ, ಇದೊಂದು ನಮ್ಮ ಸಾಹೇಬರಿಗೆ ಬಾಯಿಪಾಠ. ಮರುದಿನವೇ ಹುಡುಗನ ಮನೆ ಮುಂದೆ ಕಂಪನಿ ಕಾರು! ಕೂರಲು ಕುರ್ಚಿ, ಫ್ಯಾನು, ಎರಡು ಸಲ ಕಾಫಿ. ಕೆಲಸದ ಹೆಸರು 'ಲೈಟ್ ಡ್ಯೂಟಿ'. ಟಿ.ವಿ.ಯ ಹಸಿರು ಲೈಟು ಎದುರಿಗೇ ಇದ್ದುದರಿಂದ ಹೆಸರೇನೂ ಸುಳ್ಳಲ್ಲ.

ಕೈಕೊಟ್ಟಿದ್ದು ಹಾಜರಾತಿ ಯಂತ್ರ. ಅದಕ್ಕೆ ಗೊತ್ತಿದ್ದದ್ದು ಬಲಗೈ ತೋರುಬೆರಳು, ಅದೋ ಬ್ಯಾಂಡೇಜಿನೊಳಗೆ. 'ವ್ಯಕ್ತಿ ಪತ್ತೆಯಾಗಿಲ್ಲ' ಎಂದಿತು. ಹುಡುಗ ಕಣ್ಣೆದುರಿಗಿದ್ದಾನೆ, ಸಿಸ್ಟಂನಲ್ಲಿ ಗೈರುಹಾಜರು. ಗೈರಾದರೆ ಗಂಟೆ ಓಡುತ್ತದೆ, ಗಂಟೆ ಓಡಿದರೆ ದೀಪ ಕೆಂಪು. ಸೇಫ್ಟಿ, ಎಚ್ಆರ್, ಐಟಿ ಮೂರೂ ವಿಭಾಗ ಆ ಯಂತ್ರದ ಮುಂದೆ ಸೇರಿತು. ಪ್ರೆಸ್ಸಿನ ಹತ್ತಿರ ಯಾವತ್ತೂ ಅಷ್ಟು ಜನ ಸೇರಿದ್ದನ್ನು ನಾನಂತೂ ಕಂಡಿಲ್ಲ.

ಕೊನೆಗೆ ಎಡಗೈ ಬೆರಳು ನೋಂದಾಯಿಸಿದರು. ಪೀಂ ಎಂದಿತು. ಎಲ್ಲರೂ ಉಸಿರು ಬಿಟ್ಟರು. ಎಚ್ಆರ್‌ನವರು ಹುಡುಗನ ಬೆನ್ನು ತಟ್ಟಿ ಹೇಳಿದರು:

"ಇದನ್ನ ಜೋಪಾನವಾಗಿ ಇಟ್ಕೊಳಪ್ಪ. ಸಿಸ್ಟಂನಲ್ಲಿ ಈಗ ಇದೊಂದೇ ಇರೋದು."