ಯಾರ ಮಗಾ ನೀ?

“ತುಮಚ್ಯಾ ಗಾವಾಲಾ ಚಾಲತ ಅಸೇಲ, ಇಥೇ ನಾಹೀ.” ನಿಮ್ಮೂರಲ್ಲಿ ನಡೀತಿರಬಹುದು, ಇಲ್ಲಿ ನಡೆಯೋದಿಲ್ಲ. ಹೀಗಂದವರು ನಮ್ಮ ಮಹಡಿಯವರೇ. ಹದಿನೆಂಟು ವರ್ಷಗಳಿಂದ ಸಂಕ್ರಮಣಕ್ಕೆ ನಮ್ಮನೆಯ ಕುಸುರೆಳ್ಳು ಅವರ ಮನೆಗೆ, ಅವರ ತಿಳಗುಳ ನಮ್ಮನೆಗೆ ಹೋಗಿಬರುತ್ತದೆ. 2024ರ ಜೂನ್‌ನಲ್ಲಿ, ಪುಣೆಯ ವಾರ್ಜೆಯ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ನಾನು ಹೇಳಿದ್ದು ಇಷ್ಟೇ: ಹುಡುಗ ಇದ್ದಾನೆ, ಜೈಲು ಗೀಲು ಅನ್ನಬೇಡಿ.

ಹುಡುಗ ನಮ್ಮ ವಾಚ್‌ಮನ್‌ನ ಮಗ. ಯಾದಗಿರಿ ಕಡೆಯವರು. ಹದಿನಾರು ದಾಟಿತ್ತು. ಬೆಳಗ್ಗೆ ಗಾಡಿ ತೊಳೆದು ನಾಲ್ಕು ದುಡ್ಡು ಮಾಡುತ್ತಿದ್ದ. ತೊಳೆದು ನೆರಳಿಗೆ ನಿಲ್ಲಿಸು ಅಂತ ಒಬ್ಬರು ದಿನಾ ಸ್ಕೂಟರಿನ ಕೀಲಿ ಕೊಡುತ್ತಿದ್ದರು. ಒಂದು ದಿನ ನೆರಳಿಗೆ ಒಯ್ಯುವ ಬದಲು ಒಂದು ಸುತ್ತು ಹೊಡೆದ. ಗೇಟಿನ ಹತ್ತಿರ ಹಾಲು ತರಲು ಹೊರಟಿದ್ದ ತಳಮಹಡಿಯ ಅಜ್ಜಿಗೆ ತಾಗಿತು. ಅಜ್ಜಿ ಬಿದ್ದು ಮಣಿಕಟ್ಟು ಮುರಿಯಿತು.

ಬೇರೆ ದಿನಗಳಾಗಿದ್ದರೆ ಮಾತು ಅಷ್ಟು ಬಿಸಿಯಾಗುತ್ತಿರಲಿಲ್ಲವೇನೋ. ಆದರೆ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗನೊಬ್ಬನ ಪೋರ್ಷೆ ಕಾರು ಇಬ್ಬರು ಎಳೆಯ ಎಂಜಿನಿಯರುಗಳ ಜೀವ ತೆಗೆದಿತ್ತು. ಅವತ್ತೇ ಜಾಮೀನು, ಷರತ್ತುಗಳಲ್ಲೊಂದು, 300 ಪದಗಳ ಪ್ರಬಂಧ. ಇಡೀ ಊರು ಉರಿದೆದ್ದಿತ್ತು, ನಾನೂ ಉರಿದಿದ್ದೆ. ಆ ಸಿಟ್ಟೆಲ್ಲ ನಮ್ಮ ಮೀಟಿಂಗಿಗೂ ಬಂದು ಕೂತಿತ್ತು. “ದೊಡ್ಡವರಂತೆ ಶಿಕ್ಷಿಸುವ ವಯಸ್ಸನ್ನು ಹದಿನೆಂಟರಿಂದ ಹದಿನಾರಕ್ಕೆ ಇಳಿಸಲಿ” ಎಂದು ಎಲ್ಲರದೂ ಒಂದೇ ಮಾತು.

ಆ ರಾತ್ರಿ ನನಗೆ ಧಾರವಾಡ ಬಹಳ ನೆನಪಾಯಿತು. ನಮ್ಮಲ್ಲಿ ಹುಡುಗರು ತಪ್ಪು ಮಾಡಿದರೆ ಹಿರಿಯರು ಕಟ್ಟೆಗೆ ಕರೆದು ಮೊದಲು ಕೇಳುವ ಪ್ರಶ್ನೆ, “ಯಾರ ಮಗಾ ಲೇ ನೀ?” ಆಮೇಲೆ ಎರಡೇಟು, ಕಾಲಿಗೆ ಬೀಳಿಸೋದು, ಅಪ್ಪನ ಮುಂದೆ ಒಂದು ಮಾತು. “ಇನ್ನೊಮ್ಮೆ ಮಾಡಿದ್ರ ಬೋರ್ಸ್ಟಲ್‌ಗೆ ಹಾಕ್ತೇವಿ ನೋಡು” ಎಂಬ ಬೆದರಿಕೆ ಬೇರೆ. ಊರಲ್ಲೇ ಬೋರ್ಸ್ಟಲ್ ಶಾಲೆ ಇತ್ತಲ್ಲ. ಆ ಶಾಲೆಗಳ ಹಿಂದಿದ್ದದ್ದು ಹಳೆಯ ಮುಂಬೈ ಪ್ರಾಂತ್ಯದ 1929ರ ಕಾಯ್ದೆ. ಎಳೆಯ ತಪ್ಪಿತಸ್ಥರನ್ನು ಪಳಗಿದ ಕಳ್ಳರ ಜೊತೆ ಜೈಲಿಗೆ ಹಾಕಬಾರದು, ಕಸುಬು ಕಲಿಸಿ ಕಳಿಸಬೇಕು ಎಂಬ ತಿಳಿವಳಿಕೆ ಧಾರವಾಡಕ್ಕೂ ಪುಣೆಗೂ ಒಂದೇ ಪ್ರಾಂತ್ಯದ ಕಾಲದಲ್ಲೇ ಬಂದಿತ್ತು. ಅದನ್ನು ಈ ಊರು ಒಂದು ಮೀಟಿಂಗಿನಲ್ಲಿ ಮರೆತದ್ದು ನನಗೆ ತಡೆಯಲಾಗಲಿಲ್ಲ.

ಮರುವಾರ ಹುಡುಗನ ಅಪ್ಪ ಬಾಗಿಲಿಗೆ ಬಂದು ನಿಂತ. “ಸಾಹೇಬ್ರ, ನನಗ ಅವರ ಮಾತು ತಿಳಿಯಾಂಗಿಲ್ರಿ. ನೀವೊಂದೀಟು ಬರ್ರಿ.” ಬಾಲನ್ಯಾಯ ಮಂಡಳಿಗೆ ಹೋದೆವು. ಕಟಕಟೆ, ಕರಿಕೋಟು, ಪೊಲೀಸರ ಲಾಠಿ ಎಲ್ಲ ಇರುತ್ತವೆಂದುಕೊಂಡಿದ್ದೆ. ಎತ್ತರದ ಪೀಠ ಇರಲಿಲ್ಲ, ಒಂದೇ ಮೇಜು. ಪೊಲೀಸಿನವರು ಮಫ್ತಿಯಲ್ಲಿದ್ದರು, ಕೈಗೆ ಬೇಡಿ ಇರಲಿಲ್ಲ. ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಹೆಣ್ಣುಮಗಳಿರಬೇಕು ಎನ್ನುತ್ತದೆ ಕಾಯ್ದೆ. ಅಲ್ಲಿದ್ದ ಹೆಣ್ಣುಮಗಳು ಹುಡುಗನ ಮುಖ ನೋಡಿ ಮೊದಲು ಕೇಳಿದ್ದು, “ಜೇವಲಾಸ ಕಾ?” ಉಂಡೆಯೇನಪ್ಪಾ. ಅವನು ಇಲ್ಲ ಎಂದು ತಲೆಯಾಡಿಸಿದ. ಅವನಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಯಾರ ಮಗ ಅಂತ ಅಲ್ಲಿ ಮೊದಲು ಕೇಳಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಗಂಟಲು ಕಟ್ಟುತ್ತದೆ, ಯಾಕೆಂದರೆ ನನಗೆ ಇನ್ನೊಬ್ಬ ಹುಡುಗ ನೆನಪಾದ. ಹದಿನೈದನೇ ವಯಸ್ಸಿಗೆ ನಾನೂ ಅವನೂ ಕೂಡಿ ತೋಟವೊಂದರ ಪಂಪ್‌ಸೆಟ್ಟಿನ ತಾಮ್ರದ ತಂತಿ ಕದ್ದು ಗುಜರಿಗೆ ಮಾರಿದ್ದೆವು. ಇಬ್ಬರೂ ಸಿಕ್ಕಿಬಿದ್ದೆವು. ನಾನು ಮಾಸ್ತರರ ಮಗ. ಠಾಣೆಯಲ್ಲಿ ಅಪ್ಪನ ಹಳೆಯ ವಿದ್ಯಾರ್ಥಿ ಇದ್ದರು. ಸಂಜೆಯೊಳಗೆ ಮನೆಗೆ ಬಂದು ಊಟಕ್ಕೆ ಕೂತೆ. ಅವನ ಅಪ್ಪ ಹಮಾಲಿ ಮಾಡುತ್ತಿದ್ದ, ಹೇಳಿಕೊಳ್ಳುವವರು ಯಾರೂ ಇರಲಿಲ್ಲ. ಅವನು ರಿಮ್ಯಾಂಡ್ ಹೋಮಿಗೆ ಹೋದ, ಮತ್ತೆ ಸಾಲಿಗೆ ಬರಲೇ ಇಲ್ಲ. ನಾನು ಇಷ್ಟು ವರ್ಷ ಕೊಂಡಾಡಿದ ಕಟ್ಟೆಯ ಕರುಣೆ ನನ್ನಂಥವರಿಗೆ ಮಾತ್ರ ಸಿಗುತ್ತಿತ್ತು.

ಹದಿನಾರಕ್ಕೆ ಇಳಿಸಿ ಅನ್ನುವವರಿಗೆ ಒಂದು ಮಾತು. ಅಲ್ಲಿ ನಾವು ಮೊದಲೇ ಇದ್ದೆವು. 1986ರ ಬಾಲನ್ಯಾಯ ಕಾಯ್ದೆಯಲ್ಲಿ ಗಂಡುಹುಡುಗರಿಗೆ ಹದಿನಾರೇ ಗೆರೆ. 2000ದಲ್ಲಿ ಅದು ಹದಿನೆಂಟಾಯಿತು. ದಿಲ್ಲಿಯ 2012ರ ಸಾಮೂಹಿಕ ಅತ್ಯಾಚಾರದ ಸಿಟ್ಟಿನಲ್ಲಿ 2015ರ ಕಾಯ್ದೆ ಒಂದು ಬಾಗಿಲು ತೆರೆಯಿತು: ಕನಿಷ್ಠ ಏಳು ವರ್ಷದ ಶಿಕ್ಷೆಯಿರುವ ಘೋರ ಅಪರಾಧವಾದರೆ, ಹದಿನಾರು ದಾಟಿದವನನ್ನು ಮಂಡಳಿ ಪರೀಕ್ಷಿಸಿ ದೊಡ್ಡವರಂತೆ ವಿಚಾರಣೆಗೆ ಕಳಿಸಬಹುದು. ಬಾಗಿಲು ಈಗಲೂ ತೆರೆದೇ ಇದೆ. ಅದನ್ನು ಇನ್ನೂ ಅಗಲ ಮಾಡಿದರೆ ಮೊದಲು ಒಳಗೆ ಬೀಳುವವರು ನಮ್ಮ ವಾಚ್‌ಮನ್‌ನ ಮಗನಂಥವರು. ದುಡ್ಡಿದ್ದವರ ಮಕ್ಕಳಿಗೆ ಹೈಕೋರ್ಟಿನ ದಾರಿ ಗೊತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ ಮಕ್ಕಳ ಕೈಗೆ ಗಾಡಿ ಕೊಟ್ಟ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಇದೆ. ಮೀಟಿಂಗಿನಲ್ಲಿ ಕೀಲಿ ಕೊಟ್ಟವರ ಹೆಸರನ್ನು ಯಾರೂ ಎತ್ತಲಿಲ್ಲ.

ನನ್ನನ್ನು ಕೇಳಿದರೆ ತಿದ್ದುಪಡಿ ಬೇಕಾದದ್ದು ಬೇರೆ ಕಡೆ. ಹುಡುಗನ ಮನೆ, ಓದು, ಸಹವಾಸ ಎಲ್ಲ ನೋಡಿ ಹದಿನೈದು ದಿನಗಳೊಳಗೆ ಪ್ರೊಬೇಷನ್ ಅಧಿಕಾರಿ ವರದಿ ಕೊಡಬೇಕು ಎನ್ನುತ್ತದೆ ಕಾಯ್ದೆ. ಆ ವರದಿಯ ಮೇಲೆ ಅವನ ಮುಂದಿನ ಬಾಳು ನಿಂತಿರುತ್ತದೆ. ನಾವು ಕಂಡ ಪ್ರೊಬೇಷನ್ ಅಧಿಕಾರಿಯ ಕಂಕುಳಲ್ಲಿ ಇಂಥ ಫೈಲುಗಳ ದೊಡ್ಡ ಕಟ್ಟೇ ಇತ್ತು. ಒಬ್ಬ ಅಧಿಕಾರಿಗೆ ಇಷ್ಟೇ ಮಕ್ಕಳು ಅಂತ ಕಾಯ್ದೆಯೇ ಗೆರೆ ಎಳೆಯಲಿ. ನಮ್ಮೂರ ಕಟ್ಟೆಯಲ್ಲಿ ಮಾಸ್ತರರ ಮಗನಿಗೆ ಸಿಕ್ಕಿದ ಪರಿಚಯದವನು ಇಲ್ಲಿ ಪ್ರತಿ ಹುಡುಗನಿಗೂ ಹಕ್ಕಾಗಿ ಸಿಗಲಿ. ಯಾದಗಿರಿಯ ಅಪ್ಪನ ಮಾತು ತಿಳಿಯುವವನು, ಪಕ್ಕದ ಮನೆಯವರು ದಯಮಾಡಿ ಬಂದಾಗ ಮಾತ್ರವಲ್ಲ, ಯಾವಾಗಲೂ ಇರಲಿ.

ಹುಡುಗನಿಗೆ ಬುದ್ಧಿ ಹೇಳಿ, ಸಮುದಾಯ ಸೇವೆ ಹಾಕಿ ಮನೆಗೆ ಕಳಿಸಿದರು. ನೆಮ್ಮದಿಯಿಂದ ಬಂದು ಅಜ್ಜಿಗೆ ಸುದ್ದಿ ಹೇಳಿದೆ. ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡರು. ಕೊಯ್ತಾ, ಅಂದರೆ ಮಚ್ಚು, ಹಿಡಿದು ಅಂಗಡಿ ಒಡೆಯುವ ಹುಡುಗರ ಸುದ್ದಿ ಓದಿ ಈ ಊರಿನವರು ಹೆದರಿರುವುದು ಸುಳ್ಳಲ್ಲ. ಆ ಹೆದರಿಕೆಯನ್ನು ನಾನು ಬರಿಯ ಸಿಟ್ಟೆಂದು ತಳ್ಳಿಹಾಕಿದ್ದೆ. ಅಜ್ಜಿಯದು ಸಿಟ್ಟೂ ಅಲ್ಲ. ಅವನಿಗೆ ಜೈಲು ಬೇಡ ಅಂತ ಅವರೇ ಮೊದಲ ದಿನ ಅಂದಿದ್ದರಂತೆ, ನನಗೆ ಗೊತ್ತಿರಲಿಲ್ಲ. ನಮ್ಮೂರ ಕಟ್ಟೆಯಾಗಿದ್ದರೆ ಅವನನ್ನು ಅವರ ಕಾಲಿಗಾದರೂ ಬೀಳಿಸುತ್ತಿದ್ದರು.

“ಮಲಾ ಕುಣೀ ವಿಚಾರಲಂಚ ನಾಹೀ ರೇ,” ಅಂದರು. ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲೋ.