ಉಳಿದ ತೊಂಬತ್ತು ಯಾರ ಕೈಯಲ್ಲಿ ದುಡಿಯುತ್ತಿದೆ?

ದಶಮಾಂಶದ ಬಗ್ಗೆ ನಮ್ಮ ಚರ್ಚಿನ ಸಭೆಯಲ್ಲಿ ವರ್ಷಕ್ಕೆ ಮೂರ್ನಾಲ್ಕು ಸಲವಾದರೂ ಪ್ರಸಂಗ ಆಗುತ್ತದೆ. ನೂರಕ್ಕೆ ಹತ್ತು ದೇವರಿಗೆ. ಸರಿ. ಉಳಿದ ತೊಂಬತ್ತು ಎಲ್ಲಿದೆ, ಯಾರ ಕೈಯಲ್ಲಿ ದುಡಿಯುತ್ತಿದೆ ಅಂತ ಯಾರೂ ಕೇಳುವುದಿಲ್ಲ. ನಾನೂ ಬಹಳ ವರ್ಷ ಕೇಳಿಕೊಂಡಿರಲಿಲ್ಲ.

ಭಿಶಿ, ಅಂದರೆ ಚೀಟಿ, ಎತ್ತಿದ 50,000 ರೂಪಾಯಿ ಕೈಯಲ್ಲಿತ್ತು. ಪರಿಚಯದವರೊಬ್ಬರು ನೂರಕ್ಕೆ ಮೂರರ ಬಡ್ಡಿ ಕೊಡುತ್ತೇನೆ ಅಂದರು, ಕೊಟ್ಟೆ. ತಿಂಗಳಿಗೆ 1,500 ತಪ್ಪದೆ ಬರುತ್ತಿತ್ತು, ಅದರಲ್ಲಿ 150 ತೆಗೆದು ಕಾಣಿಕೆ ಲಕೋಟೆಗೆ ಹಾಕುತ್ತಿದ್ದೆ.

ಒಂದು ಸಂಜೆ ಬೆಟಗೇರಿಯಲ್ಲಿ ಮೆಂತ್ಯ ಪಲ್ಲೆ ತಗೊಳ್ಳುತ್ತಾ ನಿಂತಿದ್ದೆ. ಮಾರುವಾಕೆ ಗೋಣಿಚೀಲದ ಅಂಚು ಎತ್ತಿ, ಅಡಿಯಲ್ಲಿ ಮಡಚಿಟ್ಟ ಹತ್ತು ಇಪ್ಪತ್ತರ ನೋಟು ತೆಗೆದು ಎಣಿಸಿದಳು. ಪಲ್ಲೆಗೆ ಚಿಮುಕಿಸಿದ ನೀರಿಗೆ ನೋಟೆಲ್ಲ ಒದ್ದೆ. ಬೈಕ್ ಮೇಲೆ ಕಾಯುತ್ತಿದ್ದ ಹುಡುಗನ ಕೈಗೆ ಕೊಟ್ಟಳು. ಮುಂಜಾನೆ 900 ತಗೊಂಡರೆ ಸಂಜೆಗೆ 1,000 ತಿರುಗಿಸಬೇಕಂತೆ. "ಏನ್ ಮಾಡೂದ್ರಿ ಅಕ್ಕಾರ, ಬ್ಯಾಂಕಿನ್ಯಾಗ ನಮ್ಮನ್ನ ಯಾರ್ ಕೇಳ್ತಾರ?" ಅಂದಳು. ನನಗೆ ಮಾತು ಹೊರಡಲಿಲ್ಲ. ತಿಂಗಳಾ ನಮ್ಮ ಮನೆಗೆ 1,500 ತಂದುಕೊಡುವವನು ಅದೇ ಹುಡುಗ.

ಆಳುಗಳ ಕೈಗೆ ಹಣ ಒಪ್ಪಿಸಿ ಹೋದ ಯಜಮಾನನ ಕಥೆ ಇದೆಯಲ್ಲ, ಯೇಸು ಹೇಳಿದ ಆ ತಲಾಂತಿನ ಸಾಮ್ಯದಲ್ಲಿ ಯಜಮಾನನೇ ಬಡ್ಡಿ ಕೇಳಿದ್ದಾನೆ ಅಲ್ವಾ ಅಂತ ನಮ್ಮವರು ವಾದ ಮಾಡುತ್ತಾರೆ. ಹೌದು, ಬೈಬಲಿನ ಮತ್ತಾಯ 25ರಲ್ಲಿ ಇದೆ. ಹಣ ಹೂತಿಡಬೇಡಿ, ಬೆಳೆಸಿ. ಆದರೆ ಬಡವನಿಗೆ ಸಾಲ ಕೊಟ್ಟು ಬಡ್ಡಿ ಹೇರಬೇಡ ಅಂತ ವಿಮೋಚನಕಾಂಡ 22ರಲ್ಲೂ ಇದೆ. ಒಂದನ್ನು ಓದಿ ಇನ್ನೊಂದನ್ನು ಮುಚ್ಚಿಡೋದು ಹೇಗೆ?

ಬಡವರನ್ನು ಹಿಂಡದೆ ಹಣ ದುಡಿಸುವುದು ಆಗದ ಕೆಲಸವೂ ಅಲ್ಲ. ಜರ್ಮನಿಯ ರೈಫೈಸನ್ ಅನ್ನುವ ಮೇಯರ್ 1864ರಲ್ಲಿ ಹಳ್ಳಿಯವರ ಉಳಿತಾಯ ಸೇರಿಸಿ, ಅದರಿಂದಲೇ ಹಳ್ಳಿಯವರಿಗೆ ಸಾಲ ಕೊಡುವ ಸಂಘ ಕಟ್ಟಿದ. ಅವನಿಗೆ ಅದು ನೆರೆಯವನನ್ನು ಪ್ರೀತಿಸುವ ಕೆಲಸವೇ ಆಗಿತ್ತು. ನಮ್ಮ ಗದಗ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಶುರು ಮಾಡಿದರು. ಇಷ್ಟು ಹತ್ತಿರದ ಊರಿನ ಸಂಗತಿಯನ್ನು ನಮ್ಮ ಮಕ್ಕಳಿಗೆ ಹೇಳಿದ್ದೀವಾ?

ಹಾಗಂತ ಸಂಘ ಅಂದಾಕ್ಷಣ ಜಾಸ್ತಿ ಬಡ್ಡಿಗೆ ಓಡಬೇಡಿ. ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಹಕಾರ ಸಂಘಕ್ಕೆ ಆ ವಿಮೆ ಇಲ್ಲ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುತ್ತಾನೆ ಅಂತ ಲೂಕ 14ರಲ್ಲಿ ಓದಿದ್ದೀವಲ್ಲ, ಇದೂ ಅದೇ ಲೆಕ್ಕ. ಮ್ಯೂಚುವಲ್ ಫಂಡ್ ಹಾಕುವವರೂ ಅದು ಯಾವ ಕಂಪನಿಗಳಿಗೆ ಹೋಗುತ್ತದೆ ಅಂತ ಪಟ್ಟಿ ತೆಗೆದು ನೋಡಿ. ಸಿಗರೇಟಿನ ಲಾಭ ಬೇಡ ಅನ್ನುವವರು ದೇಶದ 50 ದೊಡ್ಡ ಕಂಪನಿಗಳ ಷೇರಿರುವ ನಿಫ್ಟಿ 50 ಫಂಡ್ ತಗೊಂಡರೆ ಸಿಗರೇಟು ಮಾಡುವ ಐಟಿಸಿಯೂ ಜೊತೆಗೇ ಬರುತ್ತದೆ. ನನಗೆ ಅದು ಬೇಡ ಅನಿಸಿತು.

ನಾನು ಅಸಲು ವಾಪಸ್ ಕೇಳಿದೆ. ನಾಲ್ಕು ತಿಂಗಳು ಸತಾಯಿಸಿ ಕೊಟ್ಟರು. ದೊಡ್ಡ ಪಾಲು ಮಗಳ ಹೆಸರಿನಲ್ಲಿ ಪಿಪಿಎಫ್ ಅನ್ನುವ ಸರ್ಕಾರದ ಉಳಿತಾಯ ಯೋಜನೆಗೆ ಹೋಯಿತು. ಅದು 15 ವರ್ಷದ್ದು, ಬಡ್ಡಿ 7.1, ನಿಧಾನಕ್ಕೆ ಬೆಳೆಯುತ್ತದೆ, ಬೆಳೆಯಲಿ. 5,000 ಮಾತ್ರ ಪಲ್ಲೆ ಮಾರುವಾಕೆಗೆ ಬಡ್ಡಿ ಇಲ್ಲದೆ ಕೊಟ್ಟೆ. ವಾರಕ್ಕೆ 200 ತಿರುಗಿಸುತ್ತಾಳೆ. ಶ್ರಾವಣದಲ್ಲಿ ಮಳೆ ಹಿಡಿದು ಎರಡು ವಾರ ತಪ್ಪಿತು, ಮೂರನೇ ವಾರ ಆಕೆಯೇ ಕರೆದು 400 ಕೊಟ್ಟಳು. ಬೈಕಿನ ಹುಡುಗ ಈಗ ಆಕೆಯ ಗೋಣಿಚೀಲದ ಮುಂದೆ ನಿಲ್ಲುವುದಿಲ್ಲ, ಪಕ್ಕದ ಟೊಮೇಟೊ ಮಾರುವಾಕೆಯ ಹತ್ತಿರ ನಿಲ್ಲುತ್ತಾನೆ. ಆಕೆಗೂ 5,000 ಬೇಕು. ನಮ್ಮ ಮಹಿಳಾ ಕೂಟದವರು ಯಾರಾದರೂ ಇದನ್ನು ಓದುತ್ತಿದ್ದರೆ, ಭಾನುವಾರ ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿ, ಮಾತಾಡೋಣ.