ಅದು ಟ್ರಿನಿಡಾಡಿನವರ ಹೆಮ್ಮೆ, ನಮ್ಮದಲ್ಲ

2025ರ ಜುಲೈನಲ್ಲಿ ನಮ್ಮ ಪ್ರಧಾನಿ ಕೆರಿಬಿಯನ್ ದ್ವೀಪ ಟ್ರಿನಿಡಾಡಿಗೆ ಹೋದಾಗ ಅಲ್ಲಿನ ಪ್ರಧಾನಿ ಕಮಲಾ ಪರ್ಸಾದ್ ಬಿಸ್ಸೇಸರ್ ಅವರನ್ನು ‘ಬಿಹಾರದ ಮಗಳು’ ಎಂದು ಕರೆದದ್ದು ಇಲ್ಲಿ ದೊಡ್ಡ ಸುದ್ದಿಯಾಯಿತು. ಆಕೆಯ ಹಿರಿಯರು ಬಿಹಾರದಿಂದ ಹೋದವರು. ಪ್ರೀತಿಯಿಂದ ಆಡಿದ ಮಾತು, ಇರಲಿ. ಆದರೆ ಅದರ ಬೆನ್ನಿಗೇ “ಏಳು ಸಮುದ್ರ ದಾಟಿದರೂ ನಮ್ಮವರು ನಮ್ಮ ಸಂಸ್ಕೃತಿಯನ್ನು ಬಿಟ್ಟಿಲ್ಲ ನೋಡಿ” ಎಂಬ ಬರಹಗಳು ಫೇಸ್‌ಬುಕ್ ತುಂಬ ಹರಿದಾಡಿದವು. ನನಗೆ ಅದು ಸರಿ ಕಾಣಲಿಲ್ಲ. ಆಕೆ ಹುಟ್ಟಿದ್ದು ಟ್ರಿನಿಡಾಡಿನ ದಕ್ಷಿಣದ ಸಿಪಾರಿಯಾದಲ್ಲಿ. ಆಕೆ ಆ ಊರಿನ ಮಗಳು.

ಸಿಪಾರಿಯಾ ಎಂಥ ಊರು ಎಂದು ಕೇಳಿ. ಅಲ್ಲಿನ ಕ್ಯಾಥೊಲಿಕ್ ಚರ್ಚಿನಲ್ಲಿ ಕಪ್ಪು ಮೈಬಣ್ಣದ ಮೇರಿ ಮಾತೆಯ ಒಂದು ಪುಟ್ಟ ವಿಗ್ರಹವಿದೆ. ಕ್ರೈಸ್ತರಿಗೆ ಆಕೆ ಲಾ ದಿವೀನಾ ಪಾಸ್ತೋರಾ, ಹಿಂದೂಗಳಿಗೆ ಸಿಪಾರಿ ಮಾಯಿ. ಶುಭ ಶುಕ್ರವಾರದ ಹಿಂದಿನ ರಾತ್ರಿಯಿಂದಲೇ ಹಿಂದೂ ಕುಟುಂಬಗಳು ಅಕ್ಕಿ, ಎಣ್ಣೆ, ಹೂವು ಹಿಡಿದು ಸಾಲುಗಟ್ಟುತ್ತವೆ. ಮಕ್ಕಳ ಮೊದಲ ಕೂದಲನ್ನು ಅಲ್ಲಿ ತೆಗೆಸುವ ಹರಕೆಯೂ ಉಂಟು. ಇದನ್ನು ಯಾವ ದೇಶದಿಂದ ಯಾರು ಹೊತ್ತು ತಂದರು ಎನ್ನುತ್ತೀರಿ? ಇದು ಆ ಮಣ್ಣಿನಲ್ಲೇ ಹುಟ್ಟಿದ್ದು.

1845ರ ಮೇ 30ರಂದು ‘ಫಾತೆಲ್ ರಜಾಕ್’ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಜನರನ್ನು ಕಲ್ಕತ್ತದಿಂದ ತಂದು ಟ್ರಿನಿಡಾಡಿನಲ್ಲಿ ಇಳಿಸಿತು. ಗುಲಾಮಗಿರಿ ಮುಗಿದು ಆಫ್ರಿಕನ್ನರು ಬಿಡುಗಡೆಯಾದ ಮೇಲೆ ಕಬ್ಬಿನ ತೋಟಗಳಿಗೆ ಅಗ್ಗದ ಕೈಗಳು ಬೇಕಿದ್ದವು. ಕರಾರಿನ ಕೂಲಿಗಳಾಗಿ ಜನರನ್ನು ಸಾಗಿಸುವುದು 1917ರವರೆಗೆ ನಡೆಯಿತು. ಒಂದೇ ಹಡಗಿನಲ್ಲಿ ಬಂದವರು ಜಾತಿ ಮರೆತು ‘ಜಹಾಜಿ ಭಾಯಿ’ಗಳಾದರು. ಹಾಗೆ ಅಣ್ಣತಮ್ಮಂದಿರಾಗಲು ಅವರನ್ನು ಊರಿನ ಸಂಪ್ರದಾಯ ಬಿಡುತ್ತಿತ್ತೇ?

ನನ್ನನ್ನು ಬಹಳ ಕಾಡುವುದು ವಾಟರ್‌ಲೂ ಎಂಬ ಊರಿನ ಸಮುದ್ರದ ಗುಡಿ. ಸಿವ್‌ದಾಸ್ ಸಾಧು ಎಂಬ ಕಬ್ಬಿನ ತೋಟದ ಕೂಲಿ 1947ರಲ್ಲಿ ಕಡಲ ದಂಡೆಯಲ್ಲಿ ಒಂದು ಗುಡಿ ಕಟ್ಟಿದ. ಜಾಗ ಸಕ್ಕರೆ ಕಂಪನಿಯದು. 1952ರಲ್ಲಿ ಗುಡಿಯನ್ನು ಕೆಡವಿಸಿದರು, ಅವನನ್ನು ಜೈಲಿಗೂ ಕಳುಹಿಸಿದರು. ಹೊರಬಂದವನು ನೆಲದ ಸಹವಾಸವೇ ಬೇಡವೆಂದು ಸಮುದ್ರಕ್ಕೆ ಇಳಿದ. ನೀರು ಇಳಿದಾಗ ಸೈಕಲ್ಲಿಗೆ ಬಕೆಟ್ ತೂಗುಹಾಕಿಕೊಂಡು ಕಲ್ಲು, ಸಿಮೆಂಟ್ ಸಾಗಿಸುತ್ತ, ವರ್ಷಗಟ್ಟಲೆ ಒಂಟಿಯಾಗಿ ಕೆಸರಿನಲ್ಲಿ ದಾರಿ ಹಾಕಿ, ಅದರ ತುದಿಯಲ್ಲಿ ಮತ್ತೆ ಗುಡಿ ಎತ್ತಿದ. ಅಲೆಗಳು ಅದನ್ನು ತಿನ್ನುತ್ತಲೇ ಇದ್ದವು. ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1990ರ ದಶಕದಲ್ಲಿ, ಅದನ್ನು ಗಟ್ಟಿಯಾಗಿ ಮತ್ತೆ ಕಟ್ಟಲಾಯಿತು. ಇಂಥ ಹಟವನ್ನು ‘ಭಾರತೀಯ ಸಂಸ್ಕಾರ’ ಎಂದು ನಾವು ಎಗರಿಸಿಕೊಂಡರೆ ಆ ಮನುಷ್ಯನ ಬೆವರಿಗೆ ಮಾಡುವ ಅವಮಾನ.

ಅದೇ ಹಟ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಗುಡ್ಡದ ಮೇಲಿನ ಲಾವೆಂಟಿಲ್ ಬಡಾವಣೆಯಲ್ಲೂ ಇತ್ತು. 1880ರ ದಶಕದಲ್ಲಿ ಬ್ರಿಟಿಷರು ಆಫ್ರಿಕನ್ ಮೂಲದವರ ಚರ್ಮದ ವಾದ್ಯಗಳಿಗೆ ಕಡಿವಾಣ ಹಾಕಿದರು. ಅವರು ಬಿದಿರಿನ ಗಳಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. ಆಮೇಲೆ ಬಿಸ್ಕತ್ತಿನ ಡಬ್ಬ, ಬಣ್ಣದ ಡಬ್ಬ, ಕೊನೆಗೆ ಎಣ್ಣೆಯ ಪೀಪಾಯಿ. ಪೀಪಾಯಿಯ ತಳವನ್ನು ಸುತ್ತಿಗೆಯಿಂದ ಬಡಿಬಡಿದು ಬೋಗುಣಿಯಂತೆ ತಗ್ಗಿಸುತ್ತಾರೆ. ಒಂದೊಂದು ಸ್ವರಕ್ಕೂ ಗೆರೆ ಹಾಕಿ ಉಬ್ಬಿಸುತ್ತಾರೆ, ಬೆಂಕಿಯಲ್ಲಿ ಕಾಯಿಸುತ್ತಾರೆ, ಮತ್ತೆ ಸಣ್ಣ ಸುತ್ತಿಗೆ ಹಿಡಿದು ಕಿವಿಯಿಂದಲೇ ಶ್ರುತಿ ಮಾಡುತ್ತಾರೆ. ತುದಿಗೆ ರಬ್ಬರ್ ಸುತ್ತಿದ ಕೋಲಿನಿಂದ ಮುಟ್ಟಿದರೆ ಆ ತಗಡು ಗಂಟೆಯಂತೆ ನುಡಿಯುತ್ತದೆ. ಇದೇ ಸ್ಟೀಲ್‌ಪ್ಯಾನ್. ಮೊದಲಿಗೆ ಇದನ್ನು ನುಡಿಸುವವರೆಂದರೆ ಪುಂಡರು ಎಂಬ ಮಾತಿತ್ತು, ಮನೆಯವರೇ ಮಕ್ಕಳನ್ನು ತಡೆಯುತ್ತಿದ್ದರು. 1992ರಲ್ಲಿ ಅದು ರಾಷ್ಟ್ರೀಯ ವಾದ್ಯವಾಯಿತು. 2024ರ ಆಗಸ್ಟ್‌ನಲ್ಲಿ ಆಗಿನ ಪ್ರಧಾನಿ ಕೀತ್ ರೌಲಿ, ದೇಶದ ಲಾಂಛನದಲ್ಲಿದ್ದ ಕೊಲಂಬಸನ ಮೂರು ಹಡಗುಗಳನ್ನು ತೆಗೆದು ಅಲ್ಲಿ ಸ್ಟೀಲ್‌ಪ್ಯಾನ್ ಇಡುವುದಾಗಿ ಘೋಷಿಸಿದರು. ಓದಿ ಕಣ್ಣು ತುಂಬಿ ಬಂತು. ಎಂದೋ ಆಗಬೇಕಿದ್ದ ಕೆಲಸ.

ಊಟದ ವಿಷಯಕ್ಕೂ ಇದೇ ಮಾತು. ಬೆಳಗಾದರೆ ರಸ್ತೆ ಬದಿಯ ಗಾಡಿಗಳ ಮುಂದೆ ‘ಡಬಲ್ಸ್’ ತಿನ್ನುವವರ ಗುಂಪು: ಅರಿಶಿನ ಹಾಕಿ ಕರಿದ ಬಾರಾ ಎಂಬ ಎರಡು ಮೆತ್ತನೆಯ ರೊಟ್ಟಿ, ಮೇಲೆ ಕಾಬೂಲಿಕಡಲೆಯ ಗೊಜ್ಜು, ಕುಚೇಲಾ ಎಂಬ ತುರಿದ ಮಾವಿನಕಾಯಿಯ ಉಪ್ಪಿನಕಾಯಿ, ಖಾರ ಎಷ್ಟು ಬೇಕೋ ಅಷ್ಟು. ಸೂಟು ತೊಟ್ಟವರೂ ಗಾರೆಯವರೂ ನಿಂತೇ ತಿನ್ನುತ್ತಾರೆ. ಉತ್ತರ ಭಾರತದ ಛೋಲೆಗೆ ಇದು ದೂರದ ನೆಂಟ ಇರಬಹುದು, ಆದರೆ ಡಬಲ್ಸ್ ಹುಟ್ಟಿದ್ದು 1930ರ ದಶಕದ ಪ್ರಿನ್ಸಸ್ ಟೌನ್‌ನಲ್ಲಿ.

ಎಲ್ಲವೂ ಸೊಗಸು ಎಂದು ನಾನು ಹೇಳುತ್ತಿಲ್ಲ. ಆಫ್ರಿಕನ್ ಮೂಲದವರು, ಭಾರತೀಯ ಮೂಲದವರು ಎಂಬ ಒಡಕು ಅಲ್ಲಿನ ಚುನಾವಣೆಗಳಲ್ಲಿ ಇಂದಿಗೂ ಕಾಣುತ್ತದೆ. ಅದಕ್ಕೇ ನಮ್ಮ ‘ನಮ್ಮವರು’ ಎಂಬ ಹಿಗ್ಗು ಅಲ್ಲಿಯವರಿಗೆ ಉಪಕಾರ ಮಾಡುವುದಿಲ್ಲ. ಎರಡು ಪಂಗಡ ಒಂದೇ ನೆಲದಲ್ಲಿ ಬದುಕಲು ಹೆಣಗುತ್ತಿರುವಾಗ ಹೊರಗಿನವರು ಒಂದನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದು ಒಳ್ಳೆಯದಲ್ಲ.

ನಾವು ಕನ್ನಡಿಗರು ಹಕ್ಕಿನಿಂದ ಹೆಮ್ಮೆಪಡಬಹುದಾದದ್ದೂ ಅಲ್ಲಿ ಒಂದಿದೆ. ವೆಸ್ಟ್ ಇಂಡೀಸ್ ವಿರುದ್ಧ 1976ರ ಏಪ್ರಿಲ್‌ನಲ್ಲಿ ನಡೆದ ಪೋರ್ಟ್ ಆಫ್ ಸ್ಪೇನ್ ಕ್ರಿಕೆಟ್ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ನಮ್ಮ ಚಂದ್ರಶೇಖರ್‌ಗೆ ಆರು ವಿಕೆಟ್. ಭಾರತ 403ರ ಗುರಿ ಬೆನ್ನಟ್ಟಿ ಗೆದ್ದಾಗ ಗುಂಡಪ್ಪ ವಿಶ್ವನಾಥ್ 112, ಬ್ರಿಜೇಶ್ ಪಟೇಲ್ ಔಟಾಗದೆ 49. ಅಂದು ವಿಶ್ವನಾಥ್‌ಗೆ ಬೌಲ್ ಮಾಡಿದವರಲ್ಲಿ ರಫೀಕ್ ಜುಮಾದೀನ್, ಇಮ್ತಿಯಾಜ್ ಅಲಿ ಇದ್ದರು. ಇಬ್ಬರೂ ಟ್ರಿನಿಡಾಡಿನವರು, ಭಾರತೀಯ ಮೂಲದವರು, ವೆಸ್ಟ್ ಇಂಡೀಸ್ ಗೆಲ್ಲಲಿ ಎಂದು ಬೆವರು ಹರಿಸುತ್ತಿದ್ದವರು.